ಕಾಲೆತ್ತಿದರೆ ನಿಲ್ಲುವ ಕಾರು

ಮನೆಯಿಂದ,
ಭಾನುವಾರ ಮಧ್ಯಾಹ್ನ

ನಮ್ಮ ಕ್ಯಾಪ್ಟನ್ ಗುಬ್ಬಿಗೆ,

ನಿನ್ನ ಅಮ್ಮ ಮನಸಾರೆ ಮಾಡುವ ಆಶೀರ್ವಾದ. ಈ ಪತ್ರ ತಲುಪುವ ಹೊತ್ತಿಗೆ ನಿನ್ನ ಹಡಗು ಯಾವ ಬಂದರಿನಲ್ಲಿರುತ್ತದೋ ನಾನರಿಯೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ನಾನು ಫೋನ್ ಹಿಡಿದರೆ ನಿಮ್ಮಪ್ಪ ಪಕ್ಕದಲ್ಲೇ ಕೂತು ಕಿವಿಗೊಡುತ್ತಾರೆ. ಈಗ ಅವರು ಹೊರಗೆ ಹೊಸ ಕಾರು ಒರೆಸುತ್ತಿದ್ದಾರೆ, ಸದ್ಯಕ್ಕೆ ಒಳಗೆ ಬರುವವರಲ್ಲ.

ಹೌದು ಮಗಳೇ, ಕಾರು ಬಂತು. ಕ್ಯಾಪ್ಟನ್ ಆದಮೇಲೆ ಮೊದಲು ಮಾಡುವ ಕೆಲಸ ಇದೇ ಎಂದು ನೀನು ಹೇಳಿದಾಗ ನನ್ನ ತಲೆಯ ಮೇಲೆ ಎರಡು ಕೋಡು ಮೂಡಿದವು. ಈ ಬೀದಿಯಲ್ಲಿ ಇನ್ಯಾರ ಮಗಳು ಹಡಗು ನಡೆಸುತ್ತಾಳೆ? ಹಾಲಿನವನಿಗೆ ಎರಡು ಸಲ ಹೇಳಿದೆ, ಎದುರುಮನೆಯ ವಕೀಲರ ಹೆಂಡತಿಗೆ ಕೇಳದಿದ್ದರೂ ಹೇಳಿದೆ. ಆದರೆ ನೀನು ಕಾರು ಕೊಡಿಸಿದ್ದಲ್ಲದೆ ಜಗಳವನ್ನೂ ಕೊಡಿಸಿದೆ. ನಿಮ್ಮಪ್ಪನಿಗೆ ಉದ್ದನೆಯ ಪೆಟ್ರೋಲ್ ಸೆಡಾನೇ ಬೇಕು, ಕಾರ್ಖಾನೆಯ ಯಜಮಾನರಿಗೆ ಅವರು ಮೂವತ್ತು ವರ್ಷ ಓಡಿಸಿದಂಥದ್ದೇ. ನಿನಗೋ ಎತ್ತರದ, ಹೊಗೆಯಿಲ್ಲದ ಎಲೆಕ್ಟ್ರಿಕ್ ಗಾಡಿಯೇ ಬೇಕು. ಅಮ್ಮ, ನೀನೇ ತೀರ್ಮಾನ ಮಾಡು ಎಂದು ಫೋನ್ ಇಟ್ಟುಬಿಟ್ಟೆ. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ.

ನಿಮ್ಮಪ್ಪನ ಸ್ವಭಾವ ನಿನಗೆ ಗೊತ್ತೇ ಇದೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇಂಜಿನ್ ಸದ್ದೇ ಇಲ್ಲದ ಗಾಡಿ ಗಾಡಿಯೇನೇ, ಬೆಕ್ಕು ಅಡುಗೆಮನೆಗೆ ನುಗ್ಗಿದ ಹಾಗೆ ಬರುತ್ತೆ ಅಂತ ಬೈದರು. ಅವರ ಹೆಮ್ಮೆಯೂ ಸುಮ್ಮನೆ ಬಂದದ್ದಲ್ಲ. ಮೂವತ್ತು ವರ್ಷದಲ್ಲಿ ಆ ಕಾರಿಗೆ ಅವರ ಕೈಯಿಂದ ಒಂದು ಗೀರು ಬೀಳಲಿಲ್ಲ. ಹಿಂದೆ ಕೂತ ಯಜಮಾನರು ನಿದ್ದೆ ಹೋಗಬೇಕು, ಗಾಡಿ ನಿಂತದ್ದೂ ಅವರಿಗೆ ತಿಳಿಯಬಾರದು, ಅದೇ ಡ್ರೈವರಿಗೆ ಸರ್ಟಿಫಿಕೇಟು ಎನ್ನುತ್ತಿದ್ದರು. ತಾವು ಮಾತ್ರ ಬೇರೆಯವರ ಗಾಡಿಯಲ್ಲಿ ಕಣ್ಣು ಮುಚ್ಚಿದವರಲ್ಲ. ನಿನ್ನ ಸೋದರಮಾವನ ಕಾರಿನಲ್ಲಿ ಕೂತರೂ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಮನೆಯಲ್ಲಿ ದಿಂಬಿಗೆ ತಲೆ ತಾಗಿದರೆ ಸಾಕು, ಗೊರಕೆ ಶುರು. ಬಂದರಿನಲ್ಲಿ ಹಡಗು ಕೂಗಿದಾಗಲೆಲ್ಲ ಅಪ್ಪನ ನೆನಪಾಗುತ್ತದೆ ಎಂದು ನೀನೇ ಬರೆದಿದ್ದೆ.

ಇನ್ನು ಮೇಲೆ ಬರೆಯುವುದನ್ನು ಕೂತು ಓದು. ನಿನಗೆ ಹೇಳಬಾರದು ಅಂತ ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಹೇಳುವುದಿಲ್ಲ ಅಂದೆ, ಬರೆಯುವುದಿಲ್ಲ ಅಂತ ನಾನೆಲ್ಲಿ ಅಂದೆ? ಹೋದ ವರ್ಷದಿಂದ ನಿಮ್ಮಪ್ಪನಿಗೆ ಅಕ್ಕಪಕ್ಕದ್ದು ಕಾಣುವುದಿಲ್ಲ. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ, ಆದರೆ ತೆರೆದಿಟ್ಟ ಬೀರುವಿನ ಬಾಗಿಲಿಗೆ ಭುಜ ಬಡಿದುಕೊಳ್ಳುತ್ತಾರೆ, ಪಕ್ಕದಲ್ಲಿಟ್ಟ ಲೋಟ ಉರುಳಿಸುತ್ತಾರೆ. ಇರುವಷ್ಟು ನೋಟವನ್ನು ಔಷಧಿಯಿಂದ ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು ಕಣ್ಣಿನ ಡಾಕ್ಟರ್. ಗಾಡಿ ಓಡಿಸಬೇಡಿ ಎಂದು ಅವರು ಹೇಳುವುದಕ್ಕೆ ಮೊದಲೇ ನಿಮ್ಮಪ್ಪ, ನನ್ನ ಕೈಯಲ್ಲಿ ಇವತ್ತಿನವರೆಗೆ ಯಾರಿಗೂ ಗಾಯವಾಗಿಲ್ಲ ಡಾಕ್ಟ್ರೇ, ಇನ್ನು ಸ್ಟೀರಿಂಗ್ ಮುಟ್ಟಲ್ಲ ಅಂದುಬಿಟ್ಟರು. ನನಗೆ ಅಳುವೂ ಬಂತು, ಅಭಿಮಾನವೂ ಉಕ್ಕಿತು. ಇಂಥವರನ್ನು ಕಟ್ಟಿಕೊಂಡೆನಲ್ಲ ಅನ್ನಿಸಿತು.

ಮತ್ತೆ ಸೆಡಾನ್ ಯಾಕೆ, ಓಡಿಸುವವರು ಯಾರು ಅಂತ ನೀನು ಕೇಳುತ್ತೀಯ. ನಾನೂ ಕೇಳಿದೆ. ಡ್ರೈವರ್ ಇಟ್ಟುಕೊಂಡರಾಯಿತು ಅಂದರು. ಡ್ರೈವರ್ ಮನೆಗೆ ಡ್ರೈವರ್! ಬಂದ ಇಬ್ಬರನ್ನೂ ನಿನ್ನ ಸೋದರಮಾವನ ಕಾರಿನಲ್ಲಿ ಬೀದಿ ಕೊನೆಗೆ ಹೋಗಿ ಬರುವಷ್ಟರಲ್ಲಿ ಬೇಡವೆಂದರು. ಒಬ್ಬ ತಿರುವಿನಲ್ಲಿ ಅವಸರ ಮಾಡಿದನಂತೆ, ಇನ್ನೊಬ್ಬ ಹಾರ್ನನ್ನು ಬಾಗಿಲು ತಟ್ಟಿದ ಹಾಗೆ ತಟ್ಟಿದನಂತೆ. ಆಮೇಲೆ ಕಿಟಕಿಯ ಬಳಿ ಸುಮ್ಮನೆ ಕೂರುವುದಕ್ಕೆ ಶುರು ಮಾಡಿದರು. ನಿಮ್ಮಪ್ಪ ಸುಮ್ಮನಿರುವುದನ್ನು ನೋಡಲು ನನ್ನಿಂದಾಗಲಿಲ್ಲ.

ಹಾಗಾಗಿ ನಿನ್ನ ಅಮ್ಮ ಡ್ರೈವಿಂಗ್ ಸ್ಕೂಲ್ ಸೇರಿದಳು. ನಗಬೇಡ. ಮಂಡಿನೋವಿಗೆ ವ್ಯಾಯಾಮ ಮಾಡಿಸುತ್ತಾರೆ, ಹೋಗಿ ಬರುತ್ತೇನೆ ಅಂತ ಹೇಳಿ ಹೋಗುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ, ಸ್ಕೂಲಿನ ಆ ಹಳೆಯ ಗಾಡಿಯ ಕ್ಲಚ್ ಒತ್ತುವುದಕ್ಕಿಂತ ದೊಡ್ಡ ವ್ಯಾಯಾಮ ಬೇಕೆ? ಅರವತ್ತಕ್ಕೆ ಅರಳುಮರಳು ಅಂತಾರೆ, ನನಗೆ ಅರವತ್ತಕ್ಕೆ ಲೈಸೆನ್ಸ್ ಬಂತು. ಮೊದಲ ಪರೀಕ್ಷೆಯಲ್ಲೇ ಪಾಸು. ಕಾರ್ಡನ್ನು ತಂದು ಅವರ ಮುಂದಿಟ್ಟೆ. ಕತ್ತು ತಿರುಗಿಸಿ ತಿರುಗಿಸಿ ನೋಡಿ, ಫೋಟೋದಲ್ಲಿ ಕಳ್ಳಿ ಥರ ಕಾಣ್ತೀಯ ಅಂದರು. ಹೊಗಳಲಿಲ್ಲ, ಬೈಯಲೂ ಇಲ್ಲ. ಮಾರನೆಯ ಬೆಳಿಗ್ಗೆ ಅವರೇ ಮೊದಲು ಷೂ ಹಾಕಿಕೊಂಡು ನಡಿ, ಸೆಡಾನ್ ನೋಡಿ ಬರೋಣ ಅಂದರು.

ಆ ಕಾರಿನ ಅಂದವನ್ನು ಏನು ಹೇಳಲಿ! ಕಪ್ಪು ಬಣ್ಣ, ಕನ್ನಡಿಯ ಹಾಗೆ ನಮ್ಮಿಬ್ಬರ ಮುಖ ಕಾಣುತ್ತಿತ್ತು. ನನ್ನ ಕೈ ತಂತಾನೇ ಸೀಟಿನ ಹೊಲಿಗೆಯ ಮೇಲೆ ಓಡಿತು. ಟೈಲರ್ ಬುದ್ಧಿ ಎಲ್ಲಿ ಹೋಗುತ್ತೆ? ಒಂದು ಟಾಕೆಯೂ ಏರುಪೇರಿಲ್ಲ. ಗೇರ್ ಬದಲಿಸುವ ಕೆಲಸವೂ ಇಲ್ಲ. ಇಂಜಿನ್ ಶುರುವಾದಾಗ ನಿಮ್ಮಪ್ಪನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಇದೇ ಇರಲಿ, ಮಗಳಿಗೆ ನಾನು ಸಮಾಧಾನ ಹೇಳುತ್ತೇನೆ ಎಂದುಕೊಂಡೆ. ಶೋರೂಮಿನ ಅಂಗಳದಲ್ಲಿ ಒಂದು ಸುತ್ತು ಓಡಿಸಿ ನೋಡಿ ಎಂದಳು ಅಲ್ಲಿಯ ಹುಡುಗಿ. ಚೆನ್ನಾಗಿಯೇ ಓಡಿಸಿದೆ. ಗೋಡೆ ಹತ್ತಿರ ಬಂತು, ನಿಲ್ಲಲಿ ಅಂತ ಕಾಲೆತ್ತಿದೆ. ಕಾರು ನಿಲ್ಲಲಿಲ್ಲ. ಮೆಲ್ಲಗೆ ತೆವಳುತ್ತಲೇ ಹೋಗಿ ಒಂದು ಹೂಕುಂಡವನ್ನು ಉರುಳಿಸಿತು. ಜೀವ ಬಾಯಿಗೆ ಬಂತು, ಆಮೇಲೆ ಬ್ರೇಕ್ ನೆನಪಾಯಿತು.

ನಿಮ್ಮಪ್ಪ ಇಳಿದು, ಮೊದಲು ಬಂಪರನ್ನು ಕರವಸ್ತ್ರದಿಂದ ಒರೆಸಿ ನೋಡಿದರು. ಗೀರು ಇರಲಿಲ್ಲ. ಮಣ್ಣನ್ನು ಬಾಚಿ ಗಿಡವನ್ನು ನಿಲ್ಲಿಸಿದರು. ಇನ್ನು ಇವರು ನನ್ನ ಪಕ್ಕದಲ್ಲಿ ಕೂರುವುದಿಲ್ಲ, ಕಿಟಕಿಯೇ ಗತಿ ಎಂದುಕೊಂಡೆ. ಬಸ್ ಸ್ಟಾಪಿನಲ್ಲಿ ನಿಂತಾಗ ಅವರು ನನ್ನ ಕಾಲನ್ನೇ ನೋಡುತ್ತಿದ್ದರು. ಕೊನೆಗೆ, ತಪ್ಪು ನಿಂದಲ್ಲ ಕಣೇ, ಅದು ಮೆಷಿನ್ ಕಾಲು ಅಂದರು. ಎಷ್ಟು ನಿಜ ನೋಡು! ಮೂವತ್ತೈದು ವರ್ಷ ಮೋಟಾರ್ ಹೊಲಿಗೆ ಮೆಷಿನ್ ತುಳಿದ ಕಾಲು ಇದು. ಒತ್ತಿದರೆ ಓಡಬೇಕು, ಎತ್ತಿದರೆ ನಿಲ್ಲಬೇಕು. ಗಾಬರಿಯಾದಾಗ ಸ್ಕೂಲಿನಲ್ಲಿ ಕಲಿತದ್ದು ಮರೆತು ಕಾಲು ತನ್ನ ಹಳೆಯ ಕೆಲಸಕ್ಕೆ ಹೋಗಿತ್ತು.

ಮನೆ ಕಡೆಯ ಬಸ್ ಬಂತು, ಅವರು ಹತ್ತಲಿಲ್ಲ. ಆ ಬೆಕ್ಕಿನ ಗಾಡಿ ಅಂಗಡಿ ಎಲ್ಲಿ ಅಂತ ಕೇಳಿದರು. ಅಲ್ಲಿ ಹೋಗಿ ಬಣ್ಣ ಕೇಳಲಿಲ್ಲ, ವೇಗ ಕೇಳಲಿಲ್ಲ. ಕಾಲೆತ್ತಿದರೆ ನಿಲ್ಲುತ್ತಾ ಅಂತ ಒಂದೇ ಪ್ರಶ್ನೆ. ಹಾಗೆ ಮಾಡಿಕೊಡಬಹುದು ಸಾರ್, ಆದರೆ ಬ್ರೇಕ್ ಇದ್ದೇ ಇರುತ್ತೆ, ಅದನ್ನು ಮರೆಯೋ ಹಾಗಿಲ್ಲ ಎಂದರು ಅಲ್ಲಿಯವರು. ನಾನು ಓಡಿಸಿದೆ. ಗುಬ್ಬಿ, ಕಾಲೆತ್ತಿದೆ ನೋಡು, ಕಾಲರಿನ ಅಂಚಿಗೆ ಬಂದು ಸೂಜಿ ನಿಲ್ಲುವ ಹಾಗೆ ಗೆರೆಯ ಮೇಲೆಯೇ ನಿಂತಿತು. ಅದಾದ ಮೇಲೂ ನಿಮ್ಮಪ್ಪ ನನ್ನಿಂದ ಬ್ರೇಕ್ ಒತ್ತಿಸಿದರು, ಕಾಲಿಗೆ ರೂಢಿಯಾಗುವವರೆಗೆ ಮತ್ತೆ ಮತ್ತೆ ಒತ್ತಿಸಿದರು. ನನ್ನಂಥ ಶಿಷ್ಯೆ ಅವರಿಗೆ ಸಿಕ್ಕಿಲ್ಲ, ಅವರಂಥ ಗುರು ಆ ಸ್ಕೂಲಿನಲ್ಲಿರಲಿಲ್ಲ.

ಹಾಗಾಗಿ ಬಂದಿರುವುದು ನೀನು ಹೇಳಿದ ಗಾಡಿಯೇ. ಆದರೆ ನೀನು ಗೆದ್ದೆ ಅಂತ ಬೀಗಬೇಡ. ನಿನ್ನ ಮಾತಿಗೆ ಅವರು ಒಪ್ಪಿದ್ದಲ್ಲ, ನನ್ನ ಕಾಲಿಗಾಗಿ ತಮ್ಮ ಆಸೆಯನ್ನು ಬಿಟ್ಟರು. ಅದನ್ನು ಬಾಯಿಬಿಟ್ಟು ಹೇಳುವವರೂ ಅಲ್ಲ. ಸೆಡಾನ್ ತಗ್ಗು, ನಿಮ್ಮಮ್ಮನ ಮಂಡಿಗೆ ಆಗಲ್ಲ ಎಂದೇ ನಿನಗೂ ಹೇಳುತ್ತಾರೆ. ನೀನೂ ನಂಬಿದ ಹಾಗೆ ಮಾಡು.

ನಿನ್ನೆ ಅವರನ್ನು ಊರಾಚೆಯ ಕಣ್ಣಾಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿ ಬಂದೆ. ನೋಟ ಇದ್ದಷ್ಟೇ ಇದೆ, ಕಡಿಮೆಯಾಗಿಲ್ಲ ಎಂದರು ಡಾಕ್ಟರ್. ನನ್ನ ಡ್ರೈವಿಂಗ್ ಹೇಗಿತ್ತು ಎಂದು ಕೇಳಿದ್ದಕ್ಕೆ ನಿಮ್ಮಪ್ಪ, ಪರವಾಗಿಲ್ಲ ಅಂದರು. ಅಷ್ಟೇ. ನೀನು ಸಮುದ್ರದಲ್ಲಿ ನೆಮ್ಮದಿಯಾಗಿರು, ದಡದಲ್ಲಿ ಇನ್ನೊಬ್ಬ ಕ್ಯಾಪ್ಟನ್ ಇದ್ದಾಳೆ.

ಇಂತಿ,
ಹೆಮ್ಮೆಯಿಂದ ಬೀಗುತ್ತಿರುವ
ನಿನ್ನ ಅಮ್ಮ

ಮರೆತದ್ದು: ಅಷ್ಟೇ ಎಂದು ಬರೆದೆ, ಅಷ್ಟೇ ಅಲ್ಲ. ನಿನ್ನೆ ವಾಪಸು ಬರುವಾಗ ನಿಮ್ಮಪ್ಪ ಹಿಂದಿನ ಸೀಟಿನಲ್ಲಿ, ಯಜಮಾನರ ಜಾಗದಲ್ಲಿ ಕೂತರು. ಸ್ವಲ್ಪ ದೂರ ಬಂದು ಕನ್ನಡಿಯಲ್ಲಿ ನೋಡುತ್ತೇನೆ, ತಲೆ ಒರಗಿಸಿ ನಿದ್ದೆ ಹೋಗಿದ್ದಾರೆ. ಬಲಗಾಲು ಅಲುಗುತ್ತಿರಲಿಲ್ಲ. ಮನೆ ಮುಂದೆ ಕಾಲೆತ್ತಿದೆ, ಕಾರು ನಿಂತಿತು, ಅವರು ಏಳಲಿಲ್ಲ. ನಾನೂ ಎಬ್ಬಿಸದೆ ತುಂಬ ಹೊತ್ತು ಹಾಗೇ ಕೂತಿದ್ದೆ. ನಿನಗೊಬ್ಬಳಿಗೇ ಹೇಳುತ್ತೇನೆ ಗುಬ್ಬಿ, ಮದುವೆಯಾದಾಗಿನಿಂದ ನಿಮ್ಮಪ್ಪ ಗೊರಕೆಯಿಲ್ಲದೆ ನಿದ್ದೆ ಮಾಡಿದ್ದು ಅದೇ ಮೊದಲು.