ವಾರಂಟಿ ಮುಗಿಯುವ ತಿಂಗಳು

ಮನೆಯ ಮಹಡಿ ಕೋಣೆಯಿಂದ
ಹದಿನಾರನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮೊದಲು ಕ್ಷೇಮ ಸಮಾಚಾರ ಕೇಳಿಬಿಡುತ್ತೇನೆ, ಆಮೇಲೆ ಬೈಯುವುದಿದೆ. ಚಿಕ್ಕಮ್ಮನ ಮಂಡಿ ಹೇಗಿದೆ? ಆಪರೇಷನ್ ಆದ ಕಾಲಿನ ಕೆಳಗೆ ದಿಂಬು ಇಟ್ಟುಕೊಂಡು ರಾಣಿಯ ಹಾಗೆ ಮಲಗುವುದಕ್ಕೆ ಬಿಡಬೇಡ, ಎಬ್ಬಿಸಿ ನಡೆಸು. ನೋವು ನೋವು ಎಂದು ಗೋಳಾಡಿದರೆ ಈ ಪುಟ್ಟಿ ಬಂದು ನಡೆಸುತ್ತಾಳೆ ಎಂದು ಹೆದರಿಸು. ನಿನ್ನ ಸೊಂಟ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲಾ ಎಲ್ಲರಿಗೂ ಬಡಿಸಿ ಉಳಿದದ್ದನ್ನು ನಿಂತೇ ತಿನ್ನುತ್ತಿದ್ದೀಯಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಫೋನ್ ಎತ್ತಿದ ಕೂಡಲೇ ಚಿಕ್ಕಮ್ಮ ಸ್ಪೀಕರ್ ಹಾಕಿಸುತ್ತಾಳೆ. ಇಲ್ಲಿ ಅಪ್ಪ ಪೇಪರ್ ಓದುವ ನೆಪದಲ್ಲಿ ಕಿವಿಯನ್ನು ನನ್ನ ಕಡೆಗೇ ಕೊಟ್ಟು ಕೂತಿರುತ್ತಾರೆ. ಎರಡೂ ಕಡೆ ಸಭೆ ಸೇರಿರುವಾಗ ಆಡುವ ಮಾತಲ್ಲ ಇದು, ಅದಕ್ಕೇ ಕಾಗದ. ಒಬ್ಬಳೇ ಇರುವಾಗ ಓದು.

ಗುರುವಾರದಿಂದ ಅಪ್ಪನಿಗೂ ನನಗೂ ಮಾತಿಲ್ಲ. ಕಾರಣ ನಮ್ಮ ಮನೆಯ ಅದೇ ಹಳೇ ಜಗಳ: ನನ್ನ ಕಾರಿನ ಸರ್ವಿಸ್ ಶೋರೂಮಿನಲ್ಲೋ, ಅಪ್ಪನ ಶೆಡ್ಡಿನಲ್ಲೋ. ಜೀವಮಾನವಿಡೀ ಊರಿನ ಗಾಡಿಗಳನ್ನು ರಿಪೇರಿ ಮಾಡಿದ ಮನುಷ್ಯನ ಮಗಳು, ಹೊಸ ಕಾರು ತಂದು ಮೊದಲ ಸರ್ವಿಸ್ಸಿಗೇ ಅದನ್ನು ಗಾಜಿನ ಗೋಡೆಯವರ ಹತ್ತಿರ ಒಯ್ದರೆ ಅವರಿಗೆ ಹೇಗಾಗಬೇಕು ಎಂದು ನನಗೇನು ಗೊತ್ತಿಲ್ಲವೇ? ಆಗಲೇ ವಾರಂಟಿ ಪುಸ್ತಕವನ್ನು ಭೂತಕನ್ನಡಿ ಹಿಡಿದು ಓದಿ, "ಇಲ್ನೋಡು, ಟೈಮಿಗೆ ಸರಿಯಾಗಿ ಮಾಡಿಸ್ಬೇಕು, ಕಂಪನಿ ಪಾರ್ಟೇ ಹಾಕಿಸ್ಬೇಕು, ಬಿಲ್ ಇಟ್ಕೋಬೇಕು ಅಂತಿದೆ. ಅವ್ರ ಹತ್ರಾನೇ ಮಾಡಿಸ್ಬೇಕು ಅಂತ ಎಲ್ಲಿದೆ?" ಎಂದು ಕೇಳಿದ್ದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಆಯಿಲ್ ಅದೇ, ಫಿಲ್ಟರ್ ಅದೇ, ಕೈ ಒಂದು ಬೇರೆ, ಅಷ್ಟೆ," ಎಂದೂ ಅಂದಿದ್ದರು. ದೂರದಲ್ಲಿ ಕೂತು ಎಲ್ಲದಕ್ಕೂ ಬುದ್ಧಿ ಹೇಳುವ ಅಣ್ಣ ಎಂದಿನಂತೆ, ಸುಮ್ಮನೆ ರಿಸ್ಕ್ ಯಾಕೆ, ಶೋರೂಮಲ್ಲೇ ಮಾಡಿಸು ಎಂದು ಹೇಳಿ ಕೈ ತೊಳೆದುಕೊಂಡ. ನನಗೆ ಆಶ್ಚರ್ಯವಾದದ್ದು ನಿನ್ನ ಮಾತು. ಗಾಡಿಯ ವಿಷಯಕ್ಕೆ ಒಂದು ದಿನವೂ ಬಾಯಿ ಹಾಕದವಳು, ಬಟ್ಟೆ ಮಡಚುತ್ತಾ, ತಲೆ ಎತ್ತದೆ, "ಅವ್ಳು ಶೋರೂಮಿಗೇ ಹೋಗ್ಲಿ ಬಿಡಿ, ವಾರಂಟಿ ಇರೋವರ್ಗೂ," ಎಂದೆ. ಅಪ್ಪ ನಿನ್ನ ಮುಖ ನೋಡಿದರು, ನನ್ನ ಮುಖ ನೋಡಿದರು. "ಆಯ್ತು. ವಾರಂಟಿ ಮುಗೀಲಿ. ಆಮೇಲೆ ಇದು ನಂದು," ಎಂದು ಎದ್ದು ಹೋದರು. ಅವತ್ತು ನೀನು ನನ್ನ ಪರ ನಿಂತೆ ಎಂದು ಹಿಗ್ಗಿದ್ದೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಹಾಗಂತ ಶೋರೂಮಿನವರು ಸಾಚಾಗಳು ಎಂದುಕೊಳ್ಳಬೇಡ. ಹೋದಾಗಲೆಲ್ಲ ನನ್ನ ಕಿವಿಗೆ ಹೂ ಇಡಲು ಒಂದು ಹೊಸ ಹೆಸರು ಹುಡುಕಿಟ್ಟಿರುತ್ತಾರೆ. ಎಸಿಗೆ ಸ್ಪ್ರೇ, ಇಂಜಿನ್ನಿಗೆ ಅದೇನೋ ಕ್ಲೀನಿಂಗ್, ಅಡಿಭಾಗಕ್ಕೆ ಕೋಟಿಂಗ್. ಬೇಡ ಎಂದರೆ ಕೌಂಟರಿನಲ್ಲಿರುವ ಟೈ ಕಟ್ಟಿದವನು, ಮಗುವಿಗೆ ಲಸಿಕೆ ಹಾಕಿಸದ ತಾಯಿಯನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾನೆ. ಕಾರು ಒಳಗೆ ಹೋಯಿತೆಂದರೆ ಮತ್ತೆ ಅದರ ಮುಖ ಕಾಣುವುದಿಲ್ಲ. ಸೋಫಾದಲ್ಲಿ ಕೂತು, ಪೇಪರ್ ಕಪ್ಪಿನಲ್ಲಿ ಬಿಸಿನೀರಿನಂಥ ಕಾಫಿ ಕುಡಿಯುತ್ತಾ, ಸದ್ದಿಲ್ಲದ ಟಿವಿ ನೋಡಬೇಕು. ನಮ್ಮ ಶೆಡ್ಡಿನಲ್ಲಾಗಿದ್ದರೆ ಗಿರಾಕಿ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು, ಬಿಚ್ಚಿದ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿ, ಬೇಕಾದರೆ ತನ್ನ ಮನೆ ಜಗಳವನ್ನೂ ಅಪ್ಪನಿಗೆ ಒಪ್ಪಿಸಿ ಹಗುರಾಗಿ ಹೋಗುತ್ತಿದ್ದ. ಆದರೂ ನಾನು ಶೋರೂಮಿಗೆ ಹೋಗುತ್ತಿದ್ದದ್ದು ಹೊಟ್ಟೆಪಾಡಿಗೆ. ಡಿಕ್ಕಿಯಲ್ಲಿ ಮಡಚುವ ಮಂಚ ಹಾಕಿಕೊಂಡು ಮನೆ ಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳಿಗೆ ಕಾರು ನಿಂತರೆ ಕೆಲಸ ನಿಂತ ಹಾಗೆ. ದೊಡ್ಡದೇನಾದರೂ ಕೆಟ್ಟರೆ ವಾರಂಟಿಯಲ್ಲಿ ಬಿಟ್ಟಿ ಹಾಕಿಕೊಡಲಿ ಎಂದು ಅವರ ನಾಟಕವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೆ.

ಕೆಲವು ದಿನಗಳಿಂದ ಮುಂದಿನ ಎಡ ಚಕ್ರದ ಹತ್ತಿರ ಕಟಕಟ ಎನ್ನುತ್ತಿತ್ತು. ಗುಂಡಿಗೆ ಇಳಿದರೆ ಸದ್ದು, ತಿರುಗಿಸಿದರೆ ಸದ್ದು. ಶೋರೂಮಿಗೆ ಫೋನ್ ಮಾಡಿದರೆ, ತನ್ನಿ, ಓಡಿಸಿ ಕೇಳುತ್ತೇವೆ, ಶಾಕ್ ಅಬ್ಸಾರ್ಬರ್ ಹೋಗಿದ್ದರೆ ವಾರಂಟಿಯಲ್ಲಿ ಹೊಸದು ಹಾಕುತ್ತೇವೆ ಎಂದು ಗುರುವಾರ ಬರಹೇಳಿದರು. ಬುಧವಾರ ಊಟಕ್ಕೆ ಕೂತಾಗ ಇದನ್ನು ಅಪ್ಪನಿಗೆ ಹೇಳಿದೆ. ನನ್ನ ಬಾಯಿಗೆ ಹೊಲಿಗೆ ಹಾಕಬೇಕಿತ್ತು. ಅಪ್ಪ "ಎಡಗಡೆನಾ?" ಎಂದು ಕೇಳಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಮಾರನೇ ದಿನ ಬೆಳಗ್ಗೆ ನಾನಿನ್ನೂ ಹಾಸಿಗೆಯಲ್ಲಿದ್ದಾಗ ಕೆಳಗೆ ಶೆಡ್ಡಿನಿಂದ ಸ್ಪ್ಯಾನರಿನ ಟಣ್ ಟಣ್ ಕೇಳಿತು. ಕೆಲಸ ಮುಗಿದ ಮೇಲೆ ಕೊನೆಯ ಬೋಲ್ಟಿಗೆ ಹಾಗೆ ತಟ್ಟಿ, "ಆಯ್ತು, ಹೋಗ್ಬಾ," ಎಂದು ಗಾಡಿಗೆ ಹೇಳುವುದು ಅವರ ಅಭ್ಯಾಸವಲ್ಲವೇ? ಗಿರಾಕಿಗಳನ್ನು ನಿಲ್ಲಿಸಿ ಎರಡು ವರ್ಷವಾದರೂ ಶೆಡ್ಡಿನಲ್ಲಿ ಏನಾದರೊಂದು ಹಳೇ ಸಾಮಾನು ಕುಟ್ಟುತ್ತಿರುತ್ತಾರೆ, ಅದೇ ಇರಬೇಕು ಎಂದು ಮಗ್ಗುಲು ಬದಲಿಸಿದೆ.

ಶೋರೂಮಿನ ದಾರಿಯುದ್ದಕ್ಕೂ ಕಾರು ಪಿಟ್ಟೆನ್ನಲಿಲ್ಲ. ಗುಂಡಿ ಹುಡುಕಿ ಹುಡುಕಿ ಇಳಿಸಿದೆ, ಊಹೂಂ. ಅಲ್ಲಿ ಅವರು ಓಡಿಸಿದರು, ಸದ್ದಿಲ್ಲ. ಕಾರನ್ನು ಮೇಲೆತ್ತಿ ಚಕ್ರ ಬಿಚ್ಚಿದರೆ ಹೊಸ ಗ್ರೀಸು, ಹೊಸ ರಬ್ಬರು. ಯಾರ ಕೆಲಸ ಎಂದು ನನಗೆ ಆಗಲೇ ಗೊತ್ತಾಯಿತು. ಮನೆಗೆ ಡಾಕ್ಟರು ಬರುತ್ತಾರೆಂದು ರೋಗಿಗೆ ಮೊದಲೇ ಮಾತ್ರೆ ನುಂಗಿಸಿ ಕೂರಿಸಿದ್ದಾರೆ, ಮಹಾನುಭಾವರು. ಟೈ ಕಟ್ಟಿದವನು ಬಂದು, "ಹೊರಗಡೆ ಕೈ ಹಾಕ್ಸಿದೀರ ಮ್ಯಾಡಮ್, ಈ ಭಾಗಕ್ಕೆ ಇನ್ನು ವಾರಂಟಿ ಬರಲ್ಲ," ಎಂದ. ಶಾಕ್ ಅಬ್ಸಾರ್ಬರ್ ಸೋರುತ್ತಿದೆ ಎಂದು ತೋರಿಸುತ್ತಿರುವುದೂ ಅವನೇ. ರಬ್ಬರ್ ಹಾಕಿದ್ದಕ್ಕೆ ಅದು ಸೋರುತ್ತದೆಯೇ ಎಂದು ಕೇಳಿದರೆ, ಕಂಪನಿ ಪಾಲಿಸಿ ಎಂದು ಗಿಳಿಪಾಠ ಒಪ್ಪಿಸಿದ. ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಸೋಫಾದಲ್ಲಿದ್ದವರೆಲ್ಲ ಟಿವಿ ಬಿಟ್ಟು ನನ್ನನ್ನೇ ನೋಡಿದರು. ಸತ್ತರೂ ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಕೀ ಕಿತ್ತುಕೊಂಡೆ.

ಕಾರು ನಿಲ್ಲಿಸಿದ್ದ ಹಿಂದಿನ ಅಂಗಳಕ್ಕೆ ಹೋದರೆ ಅಲ್ಲಿ ಕಡ್ಡಿ ಕಾಯುತ್ತಿದ್ದ. ನಮ್ಮ ಶೆಡ್ಡಿನಲ್ಲೇ ಕೆಲಸ ಕಲಿತ ಅವನು ಈಗ ಅಲ್ಲಿ ಫೋರ್‌ಮನ್. ಹೊಟ್ಟೆ ಬಂದು ಡ್ರಮ್ಮಿನಂತಾದರೂ ಹೆಸರು ಮಾತ್ರ ಕಡ್ಡಿಯೇ. ಒಳಗೆ ಎಲ್ಲರೆದುರು ಮ್ಯಾಡಮ್ ಎನ್ನುವವನು ಅಲ್ಲಿ ಪುಟ್ಟಿ ಎಂದ. "ಪುಟ್ಟಿ, ಬ್ರೇಕ್ ಹಿಡ್ಕೊಳ್ಳೋ ಬೋಲ್ಟ್ ಎರಡಿರ್ತವೆ. ಒಂದು ಬೆರಳಲ್ಲೇ ತಿರುಗ್ತಿತ್ತು. ನಾನು ಟೈಟ್ ಮಾಡಿದೀನಿ. ಸರ್ವಿಸ್ ಕಾರ್ಡಲ್ಲಿ ಬರ್ದಿಲ್ಲ, ಯಾರ್ಗೂ ಹೇಳಿಲ್ಲ," ಎಂದ. ಅದೇ ಬ್ರೇಕಿನಲ್ಲಿ ನಾನು ಗುಂಡಿ ಹುಡುಕಿಕೊಂಡು ಅಲ್ಲಿಯವರೆಗೆ ಬಂದಿದ್ದೆ. ಅಪ್ಪನಂಥ ಮೇಸ್ತ್ರಿಗಳು ಬೋಲ್ಟ್ ಮರೆಯುವ ಪೈಕಿ ಅಲ್ಲ ಎಂದು ತಾನೇ ಹೇಳಿ, ಆಮೇಲೆ ಮೆಲ್ಲಗೆ, "ಅವ್ರ ಕೈ ನಡುಕ ಜಾಸ್ತಿ ಆಗಿದ್ಯಾ?" ಎಂದು ಕೇಳಿದ. ಯಾವ ನಡುಕ ಎಂದೆ. ಅವನು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. "ನಾನು ಶೆಡ್ ಬಿಡೋ ಮುಂಚೇನೇ ಅಮ್ಮಂಗೆ ಹೇಳಿದ್ನಲ್ಲ," ಎಂದ.

ಅಮ್ಮಂಗೆ ಹೇಳಿದ್ದನಂತೆ. ನನಗೆ ಯಾರು ಹೇಳಿದರು?

ದಾರಿಯಲ್ಲಿ ಗಾಡಿ ಓಡಿಸುತ್ತಾ ಒಂದೊಂದೇ ಹೊಳೆಯುತ್ತಾ ಬಂತು. ನೀನು ಸುತ್ತಿಗೆ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ತಿಂಗಳುಗಟ್ಟಲೆ ಹಣೆಗೆ ಬಟ್ಟೆ ಕಟ್ಟಿಕೊಂಡು ಓಡಾಡಿದೆ. ನಿನಗಾಗಿ ಅಪ್ಪ ಶೆಡ್ಡಿಗೆ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. ಆ ತಲೆನೋವು ಶೆಡ್ಡು ಮುಚ್ಚಿದ ವಾರವೇ ಮಾಯವಾಯಿತು, ನಾನು ದಡ್ಡಿ, ಮಾತ್ರೆ ಕೆಲಸ ಮಾಡಿತು ಎಂದುಕೊಂಡೆ. ಅಪ್ಪನಿಗೆ ಗುಂಡಿಯಿಲ್ಲದ ಅಂಗಿ, ಲೇಸಿಲ್ಲದ ಶೂ. ಚಹಾ ಯಾವಾಗಲೂ ಅರ್ಧ ಲೋಟ. ನಿನ್ನ ಜಿಪುಣತನವನ್ನು ನಾನೂ ಅಣ್ಣನೂ ಎಷ್ಟು ಆಡಿಕೊಂಡಿದ್ದೇವೆ. ನೀನು ಊರಿಗೆ ಹೋದ ಮೇಲೆ ನಾನು ಧಾರಾಳಿ, ಲೋಟದ ತುಂಬ ಕೊಟ್ಟೆ. ಅಪ್ಪ, "ಅಲ್ಲಿಡು, ಆರ್ಲಿ," ಎಂದು ನಾನು ಹೋಗುವವರೆಗೆ ಮುಟ್ಟುತ್ತಲೇ ಇರಲಿಲ್ಲ. ಆಮೇಲೆ ಬಂದರೆ ಮೇಜಿನ ಮೇಲೆಲ್ಲ ಚಹಾ. ಪೇಪರಿಗೂ ಚಹಾ ಕುಡಿಸುತ್ತಾರೆ ಎಂದು ನಗುತ್ತಾ ಒರೆಸಿದ್ದೇನೆ.

ಮನೆಗೆ ಬಂದಾಗ ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು. "ಸದ್ದು ಹೋಯ್ತಾ?" ಎಂದರು. ಮುಖದಲ್ಲಿ ಎಂಥ ಖುಷಿ ಗೊತ್ತಾ? ಬೋಲ್ಟಿನ ವಿಷಯ ನಾಲಿಗೆಯ ತುದಿಯಲ್ಲಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ. ಹೇಳಲಾಗದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಗಿ, ವಾರಂಟಿಯ ಮೇಲೆ ತೀರಿಸಿಕೊಂಡೆ. ನಿಮ್ಮಿಂದ ಶಾಕ್ ಅಬ್ಸಾರ್ಬರಿನ ವಾರಂಟಿ ಹೋಯ್ತು, ಯಾರು ಕೇಳಿದ್ರು ನಿಮ್ಮನ್ನ, ಇನ್ನೊಂದ್ಸಲ ನನ್ನ ಕಾರು ಮುಟ್ಟಿದ್ರೆ ನೋಡಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಅಪ್ಪ ಕೊಳೆಯೇ ಇಲ್ಲದ ಕೈಯನ್ನು ಹಳೇ ಬಟ್ಟೆಯಿಂದ ಒರೆಸಿಕೊಳ್ಳುತ್ತಾ ಒಳಗೆ ಹೋದರು.

ಈಗ ನಿನ್ನ ಸರದಿ. ನನ್ನ ಕೆಲಸ ಏನು ಅಮ್ಮಾ? ಕೈ ನಡುಗುವ ಮುದುಕರಿಗೆ ಚಮಚ ಹಿಡಿಯುವುದನ್ನು, ಗುಂಡಿ ಹಾಕುವುದನ್ನು ಕಲಿಸುವುದು ತಾನೇ? ಊರಿನವರ ಅಪ್ಪಂದಿರ ಕೈಯನ್ನೆಲ್ಲ ಹಿಡಿದು ನೋಡುವವಳಿಗೆ ಮನೆಯಲ್ಲಿರುವ ಕೈ ಕಾಣದ ಹಾಗೆ ನೀನು ಅಡ್ಡ ನಿಂತೆ. ಇದಕ್ಕೆ ಔಷಧವಿದೆ, ವ್ಯಾಯಾಮವಿದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಬೇಗ ಎನ್ನುವುದನ್ನು ನೀನು ಬಟ್ಟೆಯ ಜೊತೆ ಮಡಚಿ ಬೀರುವಿನಲ್ಲಿ ಇಟ್ಟುಬಿಟ್ಟೆ. ಅವಳು ಶೋರೂಮಿಗೇ ಹೋಗಲಿ ಎಂದದ್ದು ನನಗೇನೂ ಆಗದಿರಲಿ ಎಂದು, ಅದು ನನಗೆ ಅರ್ಥವಾಗುತ್ತದೆ. ಆದರೆ ನನ್ನ ಜೀವ ಕಾಯಲು ವಾರಂಟಿಯ ಹಿಂದೆ ಅವಿತುಕೊಂಡೆಯಲ್ಲ, ವಾರಂಟಿ ಮುಗಿದ ಮೇಲೆ ಏನು ಮಾಡಬೇಕೆಂದಿದ್ದೆ? ಬರುವ ತಿಂಗಳೇ ಮುಗಿಯುತ್ತದೆ. ಅಪ್ಪ ಬಂದು ಇನ್ನು ಇದು ನನ್ನದು ಎಂದು ಕೈ ಚಾಚಿದರೆ ಕೀ ಕೊಡಲೋ ಬೇಡವೋ? ನೀನು ಚಿಕ್ಕಮ್ಮನ ಮಂಡಿ ನೋಡಿಕೊಂಡು ಅಲ್ಲಿ ಆರಾಮಾಗಿದ್ದೀಯ, ಇಲ್ಲಿ ನಾನೊಬ್ಬಳೇ ಕೆಟ್ಟವಳಾಗಬೇಕು.

ಆಗುತ್ತೇನೆ. ಇವತ್ತು ಸಂಜೆ ಚಹಾ ಕೊಡುವಾಗಲೇ ಹೇಳಿಬಿಡುತ್ತೇನೆ. ಬೋಲ್ಟು ಸಡಿಲವಿತ್ತು ಅಪ್ಪಾ, ನಿಮ್ಮ ಕೈ ಇನ್ನು ಸ್ಪ್ಯಾನರಿಗೆ ಆಗುವುದಿಲ್ಲ ಎಂದು ಮುಖಕ್ಕೇ ಹೇಳುತ್ತೇನೆ. ನಿನ್ನ ಹಾಗೆ ಹಣೆಗೆ ಬಟ್ಟೆ ಕಟ್ಟಿಕೊಂಡು ನಾಟಕ ಆಡುವುದು ನನ್ನಿಂದಾಗದು.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು, ದಿಂಬು ಕಿತ್ತುಕೋ. ನೀನು ಹುಷಾರಾಗಿರು, ಕೂತು ಊಟ ಮಾಡು. ಇಷ್ಟು ಬೈದರೂ ನಿನ್ನ ಕಾಗದಕ್ಕೆ ಕಾಯುತ್ತಿರುವ

ನಿನ್ನ ಮಗಳು,
ಪುಟ್ಟಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೇಲಿನ ಬೈಗುಳ ಹಾಗೇ ಇರಲಿ, ಅದು ನಿನಗೆ ಸಲ್ಲಬೇಕಾದದ್ದೇ. ಹೇಳಲೆಂದೇ ಕೆಳಗೆ ಹೋದೆ. ಅಪ್ಪ ಶೆಡ್ಡಿನಲ್ಲಿದ್ದರು. ಬೆಂಚು ಗುಡಿಸಿ, ನನ್ನ ಕಾರಿನ ಆಯಿಲ್ ಡಬ್ಬ, ಕಂಪನಿಯದೇ ಫಿಲ್ಟರ್, ಒಗೆದ ಬಟ್ಟೆ ಎಲ್ಲ ಸಾಲಾಗಿ ಇಟ್ಟಿದ್ದರು. ಜಗಳದ ಮೇಲೆ ಮೊದಲ ಮಾತು ಅವರೇ ಆಡಿದರು. "ಬರೋ ತಿಂಗ್ಳು ಮುಗಿಯುತ್ತಲ್ವಾ?" ಎಂದರು. ನನ್ನ ಬಾಯಿಂದ, "ಇಲ್ಲಪ್ಪಾ, ಇನ್ನೂ ಎರಡು ವರ್ಷ ಇದೆ, ಕಂಪನಿಯವ್ರು ಹೆಚ್ಚು ಮಾಡಿದಾರೆ," ಎಂದು ಬಂದುಬಿಟ್ಟಿತು. ಅಪ್ಪ ಫಿಲ್ಟರನ್ನು ತಿರುಗಿಸಿ ನೋಡಿ, "ಇರ್ಲಿ ಬಿಡು, ಇದೇನು ಕೆಡೋ ಸಾಮಾನಲ್ಲ," ಎಂದು ಎರಡೂ ಕೈಯಲ್ಲಿ ಹಿಡಿದು ಮೇಲಿನ ಹಲಗೆಯಲ್ಲಿ ಇಟ್ಟರು. ವಾರಂಟಿ ಹೆಚ್ಚಿಸಿಕೊಡುತ್ತೇವೆ ಎಂದು ಆ ಟೈಯವನು ಹೋದಾಗಲೆಲ್ಲ ನನ್ನ ತಲೆ ತಿನ್ನುತ್ತಿದ್ದ, ಬೇಡ ಎಂದು ಗದರಿಸುತ್ತಿದ್ದೆ. ನಾಳೆ ಬೆಳಗ್ಗೆ ಅದೇ ಹೊಸ್ತಿಲು ತುಳಿದು, ಅವನೆದುರೇ ಕೂತು ಬರೆಸಿಕೊಂಡು ಬರುತ್ತೇನೆ. ನೀನು ಬೇಗ ಬಾ. ಬರುವಾಗ ಎಲ್ಲಾದರೂ ನೋವು ಎಂದುಕೊಂಡು ಬಾ. ನಿನ್ನನ್ನು ತೋರಿಸುವ ನೆಪದಲ್ಲಿ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ಯೋಣ. ಇವತ್ತು ಚಹಾ ಅರ್ಧ ಲೋಟವೇ ಕೊಟ್ಟೆ. ನನ್ನೆದುರೇ ಕೂತು ಕುಡಿದರು.