ಗುಂಡನ ಬಿಲ್ಲೆಯ ಮೇಲಿನ ನಂಬರು

ಅಮ್ಮಾ,

ಬೆಳಿಗ್ಗೆ ನಿನ್ನ ಮುದ್ದಿನ ನಾಯಿ ಗುಂಡ ಗೇಟು ಹಾರಿ ಓಡಿಹೋಗಿದ್ದ. ನೀನು ಹೋದ ಈ ಮೂರು ತಿಂಗಳಲ್ಲಿ ನಾನು ಅವನನ್ನು ಒಂದು ದಿನವೂ ಅಂಗಳ ದಾಟಿಸಿರಲಿಲ್ಲ. ಮಧ್ಯಾಹ್ನ ಬೀಗದ ಅಂಗಡಿಯವರು ಕರೆತಂದರು. ಅವನ ಕೊರಳ ಬಿಲ್ಲೆಯ ಮೇಲೆ ನಿನ್ನ ನಂಬರು ಕೊರೆದುಕೊಟ್ಟವರು ಅವರೇ ಅಂತೆ. ಆ ನಂಬರನ್ನು ನಾನು ಆಗಲೇ ರದ್ದು ಮಾಡಿಸಿದ್ದೆ.

"ಅಮ್ಮಂಗೆ ಎಷ್ಟು ಸಲ ಮಾಡಿದ್ರೂ ಫೋನ್ ಹೋಗ್ಲಿಲ್ಲ. ಕೊನೆಗೆ ಇವನೇ ದಾರಿ ತೋರಿಸ್ದ," ಅಂದರು. ಗುಂಡನ ಪಾದ ಎತ್ತಿ ನೋಡಿ, "ಉಗುರು ಹೀಗೆ ಬೆಳೆದಿದೆಯಲ್ಲ, ಅಮ್ಮ ವಾಕಿಂಗ್ ಬಿಟ್ಬಿಟ್ರಾ? ಹುಷಾರಾಗಿದ್ದಾರೆ ತಾನೆ?" ಎಂದರು.

ನೀನು ದಿನಾ ನಿಂತು ಮಾತಾಡುತ್ತಿದ್ದವರಿಗೆ ನೀನು ತೀರಿಕೊಂಡ ಸುದ್ದಿಯನ್ನೂ ನಾನು ಮುಟ್ಟಿಸಿರಲಿಲ್ಲ.

"ಹುಷಾರಾಗಿದ್ದಾರೆ," ಅಂದುಬಿಟ್ಟೆ. "ಸ್ವಲ್ಪ ಕಾಲುನೋವು, ಅಷ್ಟೇ."

ನಾಳೆಯಿಂದ ಗುಂಡನನ್ನು ನಾನೇ ನಡೆಸಬೇಕು. ಅವನು ಸೀದಾ ಆ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಾನೆ.