ನಿಮ್ಮ ಸಭೆಯಲ್ಲಿ ನಾನು ಮಾತನಾಡಲಾರೆ

ಪಡೂಕಾ, ಕೆಂಟಕಿ
೧೨ ನವೆಂಬರ್ ೨೦೨೪

ಪ್ರೀತಿಯ ನೋರೀನ್ ಅಕ್ಕನಿಗೆ,

ನಿನ್ನ ಕಾಗದ ಕೈಸೇರಿತು. ನೀನು ಹೇಳಿದ ಮುಲಾಮನ್ನು ಮಂಡಿಗೆ ಹಚ್ಚುತ್ತಿದ್ದೇನೆ. ಮನೆಯೆಲ್ಲ ಘಾಟು, ನೋವು ಮಾತ್ರ ಇದ್ದ ಹಾಗೇ ಇದೆ. ನಮ್ಮ ರಾಜಧಾನಿ ಫ್ರಾಂಕ್‌ಫರ್ಟಿನಲ್ಲಿ ನಿಮ್ಮ ಚರ್ಚಿನ ಹೆಂಗಸರ ಸಭೆಗೆ ಬಂದು, ಹೊಸ ಕಾನೂನು ನನ್ನ ಮನೆಯನ್ನು ಹೇಗೆ ಉಳಿಸಿತು ಎಂದು ನಾಲ್ಕು ಮಾತು ಆಡಬೇಕೆಂದು ಬರೆದಿದ್ದೀಯ. ಮಂಡಿಯ ನೆಪ ಹೇಳೋಣವೆಂದು ಫೋನ್ ಎತ್ತಿದೆ, ಇಟ್ಟೆ. ಫೋನಿನಲ್ಲಾದರೆ ನೀನು ನನ್ನನ್ನು ಒಪ್ಪಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಡೆನ್ಸಿಲ್‌ನ ವಿಷಯ ಗೊತ್ತಿರುವವಳು ನೀನೊಬ್ಬಳೇ. ಮದುವೆಯಾದ ಲಾಗಾಯ್ತು ನದಿಯ ಸರಕು ದೋಣಿಗಳ ಇಂಜಿನ್ ಕೋಣೆಯಲ್ಲೇ ಬದುಕಿದವನು. ಒಂದು ತಿಂಗಳು ನದಿ, ಒಂದು ತಿಂಗಳು ಮನೆ. ನಿವೃತ್ತನಾದ ಮೇಲೆ ರಾತ್ರಿಯೂಟ ಮುಗಿದೊಡನೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವನು. ಒಳಗೆ ಕಂಪ್ಯೂಟರಿನಲ್ಲಿ ಎಂಥದ್ದು ನೋಡುತ್ತಾನೆಂದು ತಿಳಿದಾಗ ನಿನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದೆ. ಆಮೇಲೆ, ವಯಸ್ಸಿನ ದಾಖಲೆ ತೋರಿಸದವರಿಗೆ ಅಂಥ ಅಶ್ಲೀಲ ಜಾಲತಾಣಗಳು ತೆರೆಯಬಾರದೆಂಬ ಮಸೂದೆ ಬಂತು. ಶಾಸಕರಿಗೆ ಫೋನ್ ಮಾಡು ಎಂದೆ ನೀನು. ಮೊಮ್ಮಕ್ಕಳ ಹೆಸರು ಹೇಳಿ ಮಾಡಿದೆ. ಮಕ್ಕಳ ಮಟ್ಟಿಗೆ ಅದು ಒಳ್ಳೆಯದೇ ಎಂದು ಈಗಲೂ ಅನ್ನುತ್ತೇನೆ ಅಕ್ಕ, ಆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಜುಲೈನಲ್ಲಿ ಕಾನೂನು ಬಂತು. ಅವನು ನೋಡುತ್ತಿದ್ದ ತಾಣದವರು ದಾಖಲೆ ಕೇಳುವ ಗೋಜಿಗೇ ಹೋಗದೆ ಇಡೀ ರಾಜ್ಯಕ್ಕೆ ಬಾಗಿಲು ಮುಚ್ಚಿದರು. ಬೇರೆಯವು ಲೈಸೆನ್ಸ್ ತೋರಿಸು ಎಂದವಂತೆ. ಇವನು ತೋರಿಸುವವನೇ? ಅಂದು ಸಂಜೆ ಕೋಣೆಯಿಂದ ಹೊರಗೆ ಬಂದು ನನ್ನೆದುರಿನ ಕುರ್ಚಿಯಲ್ಲಿ ಕುಳಿತ. ನಿನಗೆ ಆಗಲೇ ಫೋನ್ ಮಾಡಿ, ಹೊರಗೆ ಬಂದ ಕಣಕ್ಕಾ ಎಂದು ಪಿಸುಗುಟ್ಟಿದ್ದೆ. ನೀನು ದೇವರನ್ನು ಸ್ತುತಿಸಿದೆ. ಸಭೆಯಲ್ಲಿ ನಾನು ಹೇಳಬೇಕಾದ ಕಥೆ ಅಲ್ಲಿಗೆ ಮುಗಿಯುತ್ತದೆ, ಅಲ್ಲವೇ?

ಮುಂದಿನದು ಕೇಳು. ಅವನು ಕುಳಿತ, ನಾನೂ ಕುಳಿತೆ.

"ಟೀವಿ ಹಾಕ್ಲಾ?" ಎಂದೆ.

"ನಿಂಗೆ ಬೇಕಾದ್ರೆ ಹಾಕು."

"ನಂಗೇನ್ ಬೇಡ."

"ಹಾಗಾದ್ರೆ ಬಿಡು."

ಮರುದಿನವೂ ಹೀಗೇ. ಅವನಿಗಿಷ್ಟವೆಂದು ಹಂದಿಮಾಂಸ ಹಾಕಿ ಹುರುಳಿಕಾಯಿ ಬೇಯಿಸಿದೆ, ಸಿಹಿ ಕಡುಬು ಮಾಡಿದೆ, ಕೂದಲು ಕತ್ತರಿಸಿಕೊಂಡು ಬಂದೆ. ಚೆನ್ನಾಗಿದೆ ಎಂದ. ಯಾವುದು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವನು ನದಿಯಲ್ಲಿದ್ದಾಗ ನಾವು ಫೋನಿನಲ್ಲಿ ಎಷ್ಟು ನಗುತ್ತಿದ್ದೆವು! ಈಗ ಒಂದೇ ದೀಪದ ಕೆಳಗೆ ಕುಳಿತು ಅವನು ತನ್ನ ಅಂಗೈ ನೋಡಿಕೊಳ್ಳುವನು, ನಾನು ಹೊಲಿಗೆಯ ಮರೆಯಿಂದ ಅವನನ್ನು ನೋಡುವೆನು. ಬಾಗಿಲು ಮುಚ್ಚಿದ್ದಾಗ ಬಾಗಿಲನ್ನಾದರೂ ದೂರಬಹುದಿತ್ತು.

ಸೆಪ್ಟೆಂಬರಿನಿಂದ ಭಾನುವಾರ ಮಧ್ಯಾಹ್ನ ಟ್ರಕ್ ತೆಗೆದುಕೊಂಡು ಹೋಗಲು ಶುರುಮಾಡಿದ. ಎಲ್ಲಿಗೆಂದು ನಾನು ಕೇಳಲಿಲ್ಲ. ಕೌದಿ ಹೊಲಿಯುವ ಕೂಟದಲ್ಲಿ ಗ್ಲೆಂಡಾ, ಗೊತ್ತಲ್ಲ ಅವಳ ಬಾಯಿ, ಸೂಜಿಗೆ ದಾರ ಪೋಣಿಸುತ್ತಾ ಅಂದಳು: "ನಮ್ಮೂರ ಗಂಡಸರಿಗೆ ಇದ್ದಕ್ಕಿದ್ದ ಹಾಗೆ ಇಲಿನಾಯ್ ಮೇಲೆ ಪ್ರೀತಿ ಬಂದಿದೆ ಕಣ್ರೇ. ಸೇತುವೆ ದಾಟಿದ್ರೆ ಆಯ್ತು, ಬೇರೆ ರಾಜ್ಯ, ಅಲ್ಲಿ ಯಾವ ಕಾನೂನೂ ಇಲ್ವಲ್ಲ! ಆರ್ಡಿತ್, ನಿನ್ ಗಂಡ ಅಲ್ಲಿ ಮೀನು ಹಿಡಿಯೋಕೆ ಹೋಗ್ತಾನಾ? ಟ್ರಕ್ಕಲ್ಲಿ ಗಾಳ ಕಾಣಲಿಲ್ಲಪ್ಪ." ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆರಳಿಗೆ ಸೂಜಿ ಚುಚ್ಚಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಮುಂದಿನ ಭಾನುವಾರ ನಾನೂ ಕಾರು ತೆಗೆದೆ. ಆ ಇಕ್ಕಟ್ಟು ಸೇತುವೆಯೆಂದರೆ ನನಗೆಷ್ಟು ಭಯ, ನಿನಗೆ ಗೊತ್ತು. ಆಚೆ ದಡದಲ್ಲಿ, ದೋಣಿ ಇಳಿಸುವ ಜಾಗದಲ್ಲಿ ಅವನ ಟ್ರಕ್ ನಿಂತಿತ್ತು. ಹೋಗಿ ಕಿಟಕಿ ತಟ್ಟಿದೆ. ಬೆಚ್ಚಿಬಿದ್ದ. ತೊಡೆಯ ಮೇಲೆ ಫೋನಿತ್ತು, ಪರದೆ ಕಪ್ಪಾಗಿತ್ತು. ಪಕ್ಕದ ಸೀಟಿನ ಮೇಲಿದ್ದ ಸ್ಯಾಂಡ್‌ವಿಚ್ ಪೊಟ್ಟಣ ಸರಿಸಿ ಬಾಗಿಲು ತೆಗೆದ.

"ಮೊದಲ ಸಲ ಅದಕ್ಕೇ ಬಂದಿದ್ದು. ಸುಳ್ಳು ಹೇಳಲ್ಲ," ಎಂದ.

"ಈಗ?"

"ಈಗ ಒಂದೊಂದ್ಸಲ ನೋಡ್ತೀನಿ, ಒಂದೊಂದ್ಸಲ ಸುಮ್ನೆ ಕೂತಿರ್ತೀನಿ. ಮನೇಲಿ ಆಗಲ್ಲ ಆರ್ಡಿ. ಅಲ್ಲಿ ನೀನು ನನ್ನನ್ನೇ ಕಾಯ್ತಾ ಕೂತಿರ್ತೀಯ."

"ಕಾಯ್ತಿರೋದು ನಿಜ. ನಿನ್ನ ಮೇಲೆ ಕಾವಲು ಅಂದ್ಕೊಂಡ್ಯಾ? ನೀನು ಒಂದ್ ಮಾತಾಡ್ಲಿ ಅಂತ ಕಾಯ್ತಿದೀನಿ."

ಅವನು ನದಿಯ ಕಡೆ ತಿರುಗಿದ. "ಆ ಕಾನೂನಿಗೆ ನೀನೂ ಫೋನ್ ಮಾಡಿದ್ಯಂತೆ. ಮಕ್ಕಳಿಗೋಸ್ಕರಾನಾ?" ಎಂದ.

"ಹೂಂ."

"ಬರೀ ಮಕ್ಕಳಿಗೋಸ್ಕರಾನಾ?"

ನಾನು ಕಾರಿನ ಕೀಲಿಯನ್ನು ಚೀಲದೊಳಗೆ ಹಾಕಿದೆ. ಹಿಂದಿನ ಕೋಣೆಯ ಬಾಗಿಲ ಮುಂದೆ ನಿಂತು, ಬಾ, ನನ್ನ ಹತ್ತಿರ ಕೂತ್ಕೋ ಎಂದು ನಾನು ಒಮ್ಮೆಯೂ ಕರೆದವಳಲ್ಲ. ಆ ಮಾತನ್ನು ಶಾಸಕರ ಕೈಯಲ್ಲಿ ಹೇಳಿಸಿದೆ. ಅವನಿಗೆ ಅದು ಅರ್ಥವಾಯಿತೆಂದು ಕಾಣುತ್ತದೆ. ಸ್ಯಾಂಡ್‌ವಿಚ್ ಮುರಿದು ಅರ್ಧ ನನಗೆ ಕೊಟ್ಟ.

"ನಂಗೂ ಹೇಗೆ ಶುರು ಮಾಡ್ಬೇಕೋ ಗೊತ್ತಾಗಲ್ಲ," ಎಂದ. "ಆ ಪರದೆ ಮೇಲಿನವರು ನನ್ನಿಂದ ಏನೂ ಕೇಳಲ್ಲ. ಅದೊಂದು ಸುಖ. ಎದ್ದು ಬಂದ್ಮೇಲೆ ಮೈಯೆಲ್ಲ ತಣ್ಣಗೆ."

ಇಬ್ಬರೂ ತಿಂದೆವು. ಕತ್ತಲಾಗುವ ಮೊದಲೇ ಹೊರಟೆವು. ಸೇತುವೆಯ ಮೇಲೆ ನನಗೆ ಭಯವಾದೀತೆಂದು ಅವನು ಮುಂದೆ ನಿಧಾನವಾಗಿ ಓಡಿಸಿದ.

ಇದನ್ನು ನಿಮ್ಮ ಸಭೆಯಲ್ಲಿ ಹೇಗೆ ಹೇಳಲಿ? ಹೇಳಿದರೆ ನೀನು ಬಯಸಿದ ಸಾಕ್ಷಿಯಾಗುವುದಿಲ್ಲ, ಕಾನೂನಿನ ವಿರುದ್ಧದ ಸಾಕ್ಷಿಯೂ ಆಗುವುದಿಲ್ಲ. ಬೇರೆ ಯಾರನ್ನಾದರೂ ಕರೆ. ಕೋಪ ಮಾಡಿಕೊಳ್ಳಬೇಡ. ಕೃತಜ್ಞತಾ ಹಬ್ಬದ ಊಟಕ್ಕೆ ಮಾತ್ರ ತಪ್ಪದೆ ಬರುತ್ತೇನೆ. ಡೆನ್ಸಿಲ್‌ಗೆ ಕೆಲಸವಿದೆ, ಬರಲಾಗುವುದಿಲ್ಲ.

ನಿನ್ನನ್ನು ಸದಾ ನೆನೆಯುವ ತಂಗಿ,
ಆರ್ಡಿತ್

ಮತ್ತೊಂದು ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಕ್ರಿಸ್‌ಮಸ್ ಕಾರ್ಡನ್ನು ನಮ್ಮಿಬ್ಬರಿಗೂ ಸೇರಿಸಿ ಒಂದೇ ಕಳಿಸಬೇಡ. ಡೆನ್ಸಿಲ್ ಮೂರು ವಾರದಿಂದ ಆಚೆ ದಡದ ಬ್ರೂಕ್‌ಪೋರ್ಟಿನಲ್ಲಿ ಒಬ್ಬ ಮುದುಕಿಯ ಮನೆಯ ಬಾಡಿಗೆ ಕೋಣೆಯಲ್ಲಿದ್ದಾನೆ. ಗ್ಲೆಂಡಾ ಏನು ಹೇಳುತ್ತಾಳೋ ಊಹಿಸಬಲ್ಲೆ, ಆದರೆ ಆ ಮುದುಕಿಯ ಮನೆಯಲ್ಲಿ ಇಂಟರ್ನೆಟ್ಟೇ ಇಲ್ಲ, ಒಳಗೆ ಫೋನ್ ಸಿಗ್ನಲ್ಲೂ ಸಿಗುವುದಿಲ್ಲ. ನನ್ನ ಜೊತೆ ಮಾತಾಡಬೇಕೆನಿಸಿದಾಗ ಅಂಗಳಕ್ಕೆ ಬಂದು, ಚಳಿಯಲ್ಲಿ ನಿಂತು ಫೋನ್ ಮಾಡುತ್ತಾನೆ. ನಿನ್ನೆ ಇಬ್ಬರೂ ನಕ್ಕೆವು.